ಅಣ್ಣ ಮೆಚ್ಚಿದ ನೀಲಿ ಕಾರು

ಗ್ಯಾರೇಜುಗಳಲ್ಲಿ ಅವಳಿಗೆ ಸರ್ವೇಯರಮ್ಮ ಎಂದೇ ಹೆಸರು. ಗುದ್ದಿಸಿಕೊಂಡು ಬಂದ ಕಾರುಗಳನ್ನು ವಿಮಾ ಕಂಪನಿಯ ಪರವಾಗಿ ನೋಡಿ, ಯಾವ ಏಟು ಈಗಿನದು, ಯಾವುದು ಹೋದ ವರ್ಷದ್ದು, ಯಾವುದನ್ನು ಮಾಲೀಕ ಸಿಕ್ಕಿದ್ದೇ ಅವಕಾಶ ಎಂದು ಜೊತೆಗೆ ತೂರಿಸಿದ್ದಾನೆ ಎಂದು ಬೇರ್ಪಡಿಸುವುದು ಅವಳ ಕಸುಬು. ಬೆರಳ ಗೆಣ್ಣಿನಿಂದ ಬಾಗಿಲನ್ನು ಎರಡು ಸಲ ಕುಟ್ಟಿದರೆ ಸಾಕು, ಬಣ್ಣದ ಕೆಳಗೆ ಇರುವುದು ತಗಡೋ, ತಗ್ಗು ಮುಚ್ಚಲು ಮೆತ್ತಿದ ಪುಟ್ಟಿಯೋ ಎಂಬುದು ಗೊತ್ತಾಗುತ್ತಿತ್ತು. ಅವಳು ಹುಟ್ಟಿದಾಗಿನಿಂದ ಅಣ್ಣ ಅವಳನ್ನು ಕರೆಯುತ್ತಿದ್ದದ್ದೂ ಪುಟ್ಟಿ ಎಂದೇ. ಈ ಕೆಲಸಕ್ಕೆ ಸೇರಿದ ಮೇಲೆ ಆ ಹೆಸರು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಅವಳಿಗೆ ಐವತ್ತು ದಾಟಿದರೂ ಅಣ್ಣ ಬಿಟ್ಟಿರಲಿಲ್ಲ.

ಈ ವಿದ್ಯೆಯಿಂದ ಕಂಪನಿಯಲ್ಲಿ ಮರ್ಯಾದೆ ಸಿಕ್ಕಿತು, ನೆಂಟರಿಂದ ತಲೆನೋವು ಸಿಕ್ಕಿತು. ಚಿಕ್ಕಪ್ಪ ಒಂದು ಹಳೆಯ ವ್ಯಾನು ತೋರಿಸಿದಾಗ "ಬೇಡ ಚಿಕ್ಕಪ್ಪ, ಇದು ನೀರಲ್ಲಿ ಮುಳುಗಿ ಎದ್ದಿರೋ ಗಾಡಿ" ಎಂದಳು. ಚಿಕ್ಕಪ್ಪ ಹೌದೌದು ಎಂದು ತಲೆಯಾಡಿಸಿ, ಮುಂದಿನ ವಾರ ಅದನ್ನೇ ಕೊಂಡರು. ಅದು ನಡುರಸ್ತೆಯಲ್ಲಿ ಕೆಟ್ಟು ನಿಂತ ದಿನ ಫೋನು ಮಾಡಿ, "ನೀನು ಸ್ವಲ್ಪ ಗಟ್ಟಿಯಾಗಿ ಹೇಳಬೇಕಿತ್ತಮ್ಮ" ಎಂದರು. ದೊಡ್ಡಮ್ಮನ ಮಗನಿಗೆ "ಇದು ಚೆನ್ನಾಗಿದೆ, ತಗೋ" ಎಂದಳು. ಅವನು ತಗೊಂಡ. ಮನೆ ಮುಂದೆ ಸುಮ್ಮನೆ ನಿಂತಿದ್ದ ಆ ಕಾರಿಗೆ ನೀರಿನ ಟ್ಯಾಂಕರು ಬಂದು ಗುದ್ದಿತು. ಟ್ಯಾಂಕರಿನ ಬ್ರೇಕನ್ನೂ ಅವಳೇ ಪರೀಕ್ಷೆ ಮಾಡಿದ್ದಳೇನೋ ಎಂಬಂತೆ ಅವನು ಸಿಕ್ಕಿದಲ್ಲೆಲ್ಲ "ಇವಳು ನೋಡಿದ ಗಾಡಿ" ಎಂದು ಆಡಿಕೊಂಡ. ಅಂದಿನಿಂದ ಅವಳು ಕೈಮುಗಿದಿದ್ದಳು. ಇನ್ನು ನೆಂಟರ ಗಾಡಿ ಸುತರಾಂ ನೋಡುವುದಿಲ್ಲ ಎಂದು ಎಲ್ಲರಿಗೂ ಸಾರಿಯೂ ಇದ್ದಳು.

ಆದರೆ ಅಣ್ಣ ನೆಂಟನಲ್ಲವಲ್ಲ, ಅಣ್ಣ.

ಅಣ್ಣನಿಗೆ ಕನ್ನಡಕದ ಅಂಗಡಿ. ಊರಿನ ಅರ್ಧ ಜನ ಅವನ ಮುಂದೆ ಕೂತು ಅಕ್ಷರದ ಹಲಗೆ ಓದಿದವರೇ. ವ್ಯಾಪಾರದಲ್ಲಿ ಜಾಣ, ಅಂಗಡಿಯ ಬಾಗಿಲು ದಾಟಿದರೆ ಮಗು. ಒಂದು ವರ್ಷ ಆಕಾಶ ನೋಡುವ ದೂರದರ್ಶಕ ತಂದ. ಅದರಲ್ಲಿ ಎದುರು ಮನೆಯ ನೀರಿನ ತೊಟ್ಟಿ ಬಿಟ್ಟು ಬೇರೇನೂ ಕಾಣಲಿಲ್ಲ. ಇನ್ನೊಂದು ವರ್ಷ ನಿಂತಲ್ಲೇ ಓಡುವ ಯಂತ್ರ ತಂದ. ಅದರ ಮೇಲೆ ಈಗ ಟವೆಲುಗಳು ಒಣಗುತ್ತವೆ. ಈ ಸಲ ಅವನ ಕಣ್ಣು ಒಂದು ಕಾರಿನ ಮೇಲೆ ಬಿದ್ದಿತ್ತು. ಎರಡೇ ಬಾಗಿಲು, ಟರ್ಬೊ ಎಂಜಿನ್ನು, ನೆಲಕ್ಕೆ ಅಂಟಿಕೊಂಡಂತೆ ಕೂತ ಮೈ, ಗಾಢ ನೀಲಿ ಬಣ್ಣ. ಅಂಗಡಿಯ ಚಿಕ್ಕ ಕಾರನ್ನು ಜೀವಮಾನವಿಡೀ ಮೂರನೇ ಗೇರಿನಲ್ಲೇ ಓಡಿಸಿದ ಮನುಷ್ಯ, ಓಟದ ಕಾರು ಕೊಳ್ಳುತ್ತೇನೆ ಎಂದು ಭಾನುವಾರ ಬೆಳಿಗ್ಗೆ ಫೋನು ಮಾಡಿದ.

"ಪುಟ್ಟಿ, ಸುಮ್ಮನೆ ಬಂದು ಒಂದು ಸಲ ನೋಡು. ನೀನು ಬೇಡ ಅಂದ್ರೆ ಬೇಡ."

"ನಾನು ಬೇಡ ಅಂದ್ರೆ ನೀನು ತಗೊಳ್ಳಲ್ವಾ?"

"ನೀನು ಯಾಕೆ ಬೇಡ ಅಂತೀಯ? ಮೊದಲು ನೋಡು."

ಅವನು ಇಟ್ಟ ಕೂಡಲೇ ಅತ್ತಿಗೆಯ ಫೋನು. ಅತ್ತಿಗೆ ಬಚ್ಚಲುಮನೆಯಿಂದ ಮಾತಾಡುತ್ತಿದ್ದಾಳೆಂದು ಹಿಂದೆ ಬೀಳುತ್ತಿದ್ದ ನಲ್ಲಿಯ ಸದ್ದೇ ಹೇಳಿತು.

"ನೋಡು, ಆ ಕಾರಿಗೆ ಏನಾದ್ರೂ ಒಂದು ಹುಳುಕು ಹೇಳಿಬಿಡು. ಎಂಜಿನ್ ಹೋಗಿದೆ ಅನ್ನು, ಗುದ್ದಿದ ಗಾಡಿ ಅನ್ನು, ಏನು ಬೇಕಾದ್ರೂ ಅನ್ನು. ನಾನು ಹೇಳಿದ್ರೆ ಕೇಳಲ್ಲ, ನಿನ್ನ ಮಾತಾದ್ರೆ ಕೇಳ್ತಾರೆ."

"ಅತ್ತಿಗೆ, ಇದುವರೆಗೆ ನನ್ನ ಮಾತು ಕೇಳಿದವರು ಒಬ್ಬರೂ ಇಲ್ಲ."

"ಹಾಗಾದ್ರೆ ಇವತ್ತು ಕೇಳೋ ಹಾಗೆ ಹೇಳು" ಎಂದು ಅತ್ತಿಗೆ ಫೋನಿಟ್ಟಳು.

ಸರ್ವೇಯರಮ್ಮ ತಲೆ ಚಚ್ಚಿಕೊಂಡಳು. ಸುಳ್ಳು ಹೇಳಿದವರನ್ನು ಹಿಡಿಯುವುದೇ ಅವಳ ಉದ್ಯೋಗ. ಇವತ್ತು ಅವಳೇ ಸುಳ್ಳು ಹೇಳಬೇಕಂತೆ, ಅದೂ ರಜಾದಿನ. ಆದರೂ ಒಂದು ಸಮಾಧಾನವಿತ್ತು. ಇಂಥ ಕಾರುಗಳನ್ನು ಅವಳು ಬಹಳ ನೋಡಿದ್ದಳು. ವೇಗದ ಆಸೆಗೆ ಕೊಂಡವರು ಅವನ್ನು ಚಚ್ಚಿ ಚಿಂದಿ ಮಾಡಿ, ಮೇಲೆ ಬಣ್ಣ ಬಳಿದು ಮಾರುತ್ತಾರೆ. ಹುಳುಕು ಹುಟ್ಟಿಸುವ ಕಷ್ಟ ಇರುವುದಿಲ್ಲ, ಇದ್ದದ್ದನ್ನು ಹೇಳಿದರೆ ಸಾಕು ಎಂದುಕೊಂಡು ಪೇಂಟಿನ ದಪ್ಪ ಅಳೆಯುವ ಮೀಟರು, ಟಾರ್ಚು, ಎಂಜಿನ್ನಿನ ದೋಷಗಳ ದಾಖಲೆ ಓದುವ ಸ್ಕ್ಯಾನರು ಇದ್ದ ಚೀಲ ಹೆಗಲಿಗೇರಿಸಿದಳು. ಮಾರುವವರಿಗೆ ಮೊದಲೇ ಫೋನು ಮಾಡಿ, ತಾನು ಬರುವ ತನಕ ಎಂಜಿನ್ ಶುರು ಮಾಡಬೇಡಿ ಎಂದೂ ಹೇಳಿದಳು. ಬಿಸಿಯಾದ ಎಂಜಿನ್ನು ತನ್ನ ಕಾಯಿಲೆಯನ್ನೆಲ್ಲ ಬಚ್ಚಿಡುತ್ತದೆ.

ದಾರಿಯಲ್ಲಿ ಅಣ್ಣನಿಗೆ ಪಾಠ ಮಾಡಿದಳು. "ಅಲ್ಲಿ ಬಾಯಿ ಬಿಡಬೇಡ. ಚೆನ್ನಾಗಿದೆ ಅನ್ನಬೇಡ. ನಗಬೇಡ. ಕೈ ಹಿಂದೆ ಕಟ್ಕೊಂಡು ಮುಖ ಹುಳ್ಳಗೆ ಮಾಡ್ಕೊಂಡು ನಿಂತ್ಕೋ. ತಿಳೀತಾ?"

"ನಾನೇನು ಚಿಕ್ಕ ಮಗುವಾ?" ಎಂದು ಅಣ್ಣ ಕನ್ನಡಕ ಒರೆಸಿಕೊಂಡ.

ಮಾರುವವರು ಒಬ್ಬ ಹಲ್ಲಿನ ಡಾಕ್ಟರು. ಕ್ಲಿನಿಕ್ಕು ಮುಚ್ಚಿ ಮನೆಯಲ್ಲಿದ್ದರು. ಎಡಗಾಲ ಮಂಡಿಗೆ ಆಪರೇಷನ್ ಆಗಿತ್ತು, ಇನ್ನು ಕ್ಲಚ್ಚು ತುಳಿಯುವ ಹಾಗಿರಲಿಲ್ಲ. ಅದಕ್ಕೇ ಕಾರು ಮಾರಾಟಕ್ಕಿತ್ತು. ಊರುಗೋಲು ಹಿಡಿದು ಶೆಡ್ಡಿನ ಬಾಗಿಲು ಸರಿಸಿ, ಕಾರಿಗೆ ಹೊದಿಸಿದ್ದ ಬಟ್ಟೆಯನ್ನು ಎರಡು ಕೈಯಲ್ಲಿ ನಿಧಾನಕ್ಕೆ ತೆಗೆದರು.

"ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಅಣ್ಣ ಕೂಗಿದ.

ಸರ್ವೇಯರಮ್ಮ ಹಲ್ಲು ಕಚ್ಚಿಕೊಂಡಳು. ಅಷ್ಟು ಹೊತ್ತಿಗೆ ಅಣ್ಣ ಎರಡೂ ಕೈ ಚಾಚಿಕೊಂಡು ಮುಂದೆ ಹೋಗಿ, ಗೋಡೆ ಬದಿಗೆ ಇಟ್ಟಿದ್ದ ಬಕೆಟ್ಟನ್ನು ಒದ್ದು, ನೀರೆಲ್ಲ ನೆಲಕ್ಕೆ ಚೆಲ್ಲಿಯೂ ಆಗಿತ್ತು. "ನೋಡ್ಕೊಂಡು ನಡಿ!" ಎಂದು ಅವಳು ಗದರಿದಳು. ಖುಷಿಗೆ ಅವನಿಗೆ ಕಾಲೇ ನೆಲದ ಮೇಲಿಲ್ಲ ಎಂದುಕೊಂಡು ಕೆಲಸಕ್ಕೆ ಇಳಿದಳು.

ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ತಣ್ಣಗಿತ್ತು. ಮಾತು ಉಳಿಸಿಕೊಳ್ಳುವ ಮನುಷ್ಯ, ಪರವಾಗಿಲ್ಲ. ಮೀಟರು ತೆಗೆದು ಒಂದೊಂದೇ ಭಾಗಕ್ಕೆ ಒತ್ತುತ್ತ ಬಂದಳು. ಬಾಗಿಲು, ಚಾವಣಿ, ಹಿಂಬದಿ, ಎಲ್ಲೆಲ್ಲೂ ಕಾರ್ಖಾನೆಯ ಬಣ್ಣವೇ. ಮುಂದಿನ ಎಡ ಚಕ್ರದ ಮೇಲಿನ ತಗಡಿನಲ್ಲಿ ಮಾತ್ರ ಅಂಕಿ ಮೇಲೇರಿತು. ಅವಳ ಕಣ್ಣು ಮಿನುಗಿತು.

"ಇಲ್ಲಿ ಮತ್ತೆ ಪೇಂಟ್ ಮಾಡಿಸಿದ್ದೀರಿ" ಎಂದಳು ಪೊಲೀಸರ ದನಿಯಲ್ಲಿ.

"ಹೌದು" ಎಂದರು ಡಾಕ್ಟರು. "ನಮ್ಮ ಗೇಟಿಗೆ ನಾನೇ ಉಜ್ಜಿದ್ದು. ಗೇಟಿನ ಮೇಲೆ ಗುರುತು ಇನ್ನೂ ಇದೆ, ಬನ್ನಿ ತೋರಿಸ್ತೀನಿ. ಉಜ್ಜಿದ ದಿನ ತೆಗೆದ ಫೋಟೋನೂ ಇದೆ."

ಗೇಟಿನ ಮೇಲೆ ನೀಲಿ ಗೀರು ಇತ್ತು. ಎತ್ತರವೂ ಸರಿಹೊಂದಿತು. ಅವಳಿಗೆ ರೇಗಿತು. ಕೇಳಿದ ಕೂಡಲೇ ಒಪ್ಪಿಕೊಳ್ಳುವ ಮಾಲೀಕನನ್ನು ಏನು ಮಾಡುವುದು?

ಡಿಕ್ಕಿ ತೆಗೆದು, ಹಾಸು ಎತ್ತಿ, ಸ್ಟೆಪ್ನಿ ಸರಿಸಿ, ಟಾರ್ಚು ಬಿಟ್ಟು ಬೆಸುಗೆಯ ಅಂಚುಗಳನ್ನು ನೋಡಿದಳು. ಹಿಂದಿನಿಂದ ಗುದ್ದಿಸಿಕೊಂಡ ಕಾರಾದರೆ ಅಲ್ಲಿ ಮರೆಮಾಚಲು ಆಗುವುದಿಲ್ಲ. ಎಳ್ಳಷ್ಟೂ ಸುಕ್ಕಿಲ್ಲ. ಬಾನೆಟ್ಟಿನ ಬೋಲ್ಟುಗಳಿಗೆ ಸ್ಪಾನರು ತಾಗಿದ ಗುರುತಿಲ್ಲ. ನಾಲ್ಕು ಟೈರುಗಳೂ ಒಂದೇ ಕಂಪನಿಯವು, ಒಂದೇ ಸಮ ಸವೆದಿದ್ದವು. ಎಣ್ಣೆಯ ಮುಚ್ಚಳ ಬಿಚ್ಚಿ ಬೆರಳಾಡಿಸಿದಳು, ಮೂಸಿದಳು. ಅಷ್ಟರಲ್ಲಿ ಡಾಕ್ಟರು ಊರುಗೋಲಿನ ಮೇಲೆ ಬಾಗಿ ಎಂಜಿನ್ನಿನೊಳಗೆ ತಾವೂ ಇಣುಕಿದರು.

"ಇಲ್ಲಿ ಸ್ವಲ್ಪ ಒಸರು ಇದೆ, ನೋಡಿದ್ರಾ? ಟರ್ಬೊ ಪೈಪಿನ ಹತ್ರ. ಒಸಡಿನಲ್ಲಿ ರಕ್ತ ಕಾಣುತ್ತಲ್ಲ, ಹಾಗೆ. ಈಗಲೇ ನೋಡ್ಕೊಂಡ್ರೆ ಏನೂ ಇಲ್ಲ, ಬಿಟ್ರೆ ಬೇರಿಗೆ ಹೋಗುತ್ತೆ."

"ಡಾಕ್ಟ್ರೇ, ಹುಳುಕು ಹುಡುಕೋ ಕೆಲಸ ನಂದು. ನನಗೆ ಬಿಡಿ."

"ಬಿಟ್ಟೆ, ಬಿಟ್ಟೆ" ಎಂದರು. ಬಿಡಲಿಲ್ಲ. ಎಂಜಿನ್ನು ತಣ್ಣಗಿದ್ದಾಗ ಶುರು ಮಾಡಿದರೆ ಮೊದಲ ಕ್ಷಣ ಅದರೊಳಗಿನ ಸರಪಳಿ ಸ್ವಲ್ಪ ಗಲಗಲ ಎನ್ನುವುದನ್ನು ಅವರೇ ಹೇಳಿದರು. ಹಿಂದಿನ ಬ್ರೇಕು ಪ್ಯಾಡು ಹೊಸದು ಹಾಕಬೇಕೆಂಬುದನ್ನೂ ಹೇಳಿದರು. ಅವಳು ಸ್ಕ್ಯಾನರು ಸಿಕ್ಕಿಸಿದರೆ ಅದರಲ್ಲೂ ಏನೂ ಇಲ್ಲ. ಹಳೆಯ ದೋಷದ ದಾಖಲೆಯನ್ನು ಯಾರೂ ಅಳಿಸಿಯೂ ಇಲ್ಲ.

ಇತ್ತ ಅಣ್ಣ ಸುಮ್ಮನಿರಬೇಕಲ್ಲ. ಡಾಕ್ಟರ ಮನೆಯವರು ತಂದಿಟ್ಟ ಕಾಫಿ ತಗೊಳ್ಳಲು ಹೋಗಿ ಲೋಟಕ್ಕೆ ಕೈ ತಾಗಿಸಿ ತಟ್ಟೆಗೆ ಚೆಲ್ಲಿದ. "ಬಣ್ಣ ಇದೇ ಇರಲಿ, ಬದಲಾಯಿಸೋದು ಬೇಡ ಅಲ್ವಾ ಪುಟ್ಟಿ?" ಎಂದು, ಕಾರು ಆಗಲೇ ತನ್ನದಾದವನಂತೆ ಕೇಳಿದ. ಎಂಜಿನ್ ಶುರುವಾಗಿ ಸೈಲೆನ್ಸರು ಒಂದು ಸಲ ಗುಡುಗಿದಾಗ ಚಪ್ಪಾಳೆ ತಟ್ಟಿದ. ಅವಳಿಗೆ ತಲೆ ಚಿಟ್ಟು ಹಿಡಿದುಹೋಯಿತು. ಒಬ್ಬ ಕೊಳ್ಳುವ ಮೊದಲೇ ಕೊಂಡುಬಿಟ್ಟಿದ್ದಾನೆ, ಇನ್ನೊಬ್ಬರು ಮಾರಲು ಇಟ್ಟ ಗಾಡಿಯ ತಪ್ಪುಗಳನ್ನು ತಾವೇ ಎತ್ತಿ ತೋರಿಸುತ್ತಿದ್ದಾರೆ, ಮೂರನೆಯವಳು ಮನೆಯಲ್ಲಿ ಕೂತು ಸುಳ್ಳಿಗಾಗಿ ಕಾಯುತ್ತಿದ್ದಾಳೆ. ಇಷ್ಟು ವರ್ಷದಲ್ಲಿ ಇಷ್ಟು ನೇರ್ಪಾಗಿ ಇಟ್ಟ ಹಳೆಯ ಕಾರನ್ನು ಅವಳು ನೋಡಿರಲಿಲ್ಲ. ಒಂದು ಕಾರು ಚೆನ್ನಾಗಿದೆ ಎನ್ನುವ ಕಾರಣಕ್ಕೆ ಅದರ ಮೇಲೆ ಸಿಟ್ಟು ಬಂದದ್ದೂ ಅದೇ ಮೊದಲು.

"ಸರಿ, ಓಡಿಸಿ ನೋಡೋಣ" ಎಂದಳು, ಬೀಗದ ಕೈಗೆ ಕೈ ಚಾಚಿ.

ಡಾಕ್ಟರು ಕೊಡಲಿಲ್ಲ. "ಕೊಳ್ಳೋವ್ರು ಯಾರೋ ಅವರೇ ಓಡಿಸಲಿ. ಯಾರ ಕೈಗೆ ಹೋಗುತ್ತೆ ಅಂತ ನಾನೂ ನೋಡಬೇಕಲ್ಲ. ಹೋದ ವಾರ ಬಂದವನು ಬಾಗಿಲು ಧಡಾರಂತ ಹಾಕಿದ. ಹಾಗೇ ಕಳಿಸಿದೆ."

ಹಾಗಾಗಿ ಅಣ್ಣ ಚಾಲಕನ ಸೀಟಿನಲ್ಲಿ ಕೂತ. ಕೂತ ಎನ್ನುವುದಕ್ಕಿಂತ ಬಿದ್ದ. ಸೀಟು ಅಷ್ಟು ಕೆಳಗಿತ್ತು. ಡಾಕ್ಟರು ಕಾಲು ನೀಡಿಕೊಂಡು ಪಕ್ಕದಲ್ಲಿ ಕೂತರು. ಹಿಂದಿನ ಸೀಟು ಎಂಬ ಹೆಸರಿನಲ್ಲಿ ಒಂದು ಮೆತ್ತೆ ಇತ್ತು, ಅಲ್ಲಿ ಸರ್ವೇಯರಮ್ಮನನ್ನು ಮಡಚಿ ತುರುಕಿದ್ದಾಯಿತು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು, ತಲೆ ಚಾವಣಿಗೆ ಬಡಿಯುತ್ತಿತ್ತು, ಚೀಲ ಹೊಟ್ಟೆಯ ಮೇಲಿತ್ತು.

ಮೊದಲ ಬೀದಿ ಪೂರ್ತಿ ಅಣ್ಣ ಮೆರವಣಿಗೆಯ ವೇಗದಲ್ಲಿ ಹೋದ. ಹಿಂದಿನವರು ಹಾರನ್ನು ಮಾಡಿದರು, ಸೈಕಲ್ಲಿನವನೊಬ್ಬ ದಾಟಿಕೊಂಡು ಹೋಗಿ ತಿರುಗಿ ನೋಡಿದ. "ಗೇರ್ ಹಾಕಣ್ಣ" ಎಂದಳು. ಹಾಕಿದ. "ಸ್ವಲ್ಪ ತುಳಿ." ತುಳಿದ. ಸ್ವಲ್ಪವಲ್ಲ, ಚೆನ್ನಾಗಿಯೇ ತುಳಿದ. ಕಾರು ಹಗ್ಗ ಕಿತ್ತ ಹೋರಿಯಂತೆ ನುಗ್ಗಿತು. ಅವಳ ತಲೆ ಹಿಂದಕ್ಕೆ ಬಡಿಯಿತು. ಡಾಕ್ಟರು ಡ್ಯಾಶ್‌ಬೋರ್ಡು ಹಿಡಿದುಕೊಂಡರು.

"ಹಂಪು!" ಎಂದರು ಡಾಕ್ಟರು. "ಹಂಪು, ಹಂಪು!"

"ಎಲ್ಲಿ?" ಎಂದ ಅಣ್ಣ.

ಅದೇ ಕ್ಷಣಕ್ಕೆ ಕಾರು ಅದರ ಮೇಲೆ ಹಾರಿತು. ಕೆಳಗಿನಿಂದ ತಗಡು ಹರಿದಂಥ ಸದ್ದು ಬಂತು, ಅದರ ಹಿಂದೆ ಏನೋ ರಸ್ತೆಗೆ ಉಜ್ಜಿಕೊಂಡು ಬರುವ ಕಿರಕಿರ ಸದ್ದು. ಅಣ್ಣ ಬ್ರೇಕು ತುಳಿದು ಪಕ್ಕಕ್ಕೆ ನಿಲ್ಲಿಸಿದ.

ಡಾಕ್ಟರು ಇಳಿದರು. ಅಣ್ಣ ಇಳಿದ. ಸರ್ವೇಯರಮ್ಮ ಒಂದು ಕಾಲು ಹೊರಗೆ, ಒಂದು ಕೈ ಸೀಟಿನ ಸಂದಿಯಲ್ಲಿ, ಹೇಗೋ ತೆವಳಿಕೊಂಡು ಹೊರಬಿದ್ದು ನೇರ ನೆಲಕ್ಕೆ ಕೂತು ಕೆಳಗೆ ಟಾರ್ಚು ಬಿಟ್ಟಳು. ಮುಂದಿನ ಬಂಪರಿನ ತುಟಿ ಸೀಳಿ ಜೋತಾಡುತ್ತಿತ್ತು. ಎಂಜಿನ್ನಿನ ಕೆಳಗಿನ ತಟ್ಟೆ ಅರ್ಧ ಕಿತ್ತಿತ್ತು. ಎಣ್ಣೆ ಸೋರಿರಲಿಲ್ಲ, ಪುಣ್ಯ. ಡಾಕ್ಟರು ಜೋತಾಡುತ್ತಿದ್ದ ತುಟಿಯನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು ನಿಂತರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಆಗ ಅಣ್ಣ ಅವಳ ಕಡೆ ತಿರುಗಿ, "ಪುಟ್ಟಿ, ನೀನಾದ್ರೂ ಹೇಳಬಾರದಿತ್ತಾ?" ಎಂದ.

ಅಷ್ಟೇ ಸಾಕಾಯಿತು. ಸರ್ವೇಯರಮ್ಮ ಟಾರ್ಚು ಹಿಡಿದುಕೊಂಡೇ ಎದ್ದಳು.

"ನಾನು ಹೇಳಬೇಕಿತ್ತಾ? ಎಲ್ಲದಕ್ಕೂ ನಾನೇ ಹೇಳಬೇಕಿತ್ತಾ? ಚಿಕ್ಕಪ್ಪನಿಗೆ ಗಟ್ಟಿಯಾಗಿ ಹೇಳಬೇಕಿತ್ತು, ದೊಡ್ಡಮ್ಮನ ಮಗನಿಗೆ ಟ್ಯಾಂಕರ್ ಬರುತ್ತೆ ಅಂತ ಹೇಳಬೇಕಿತ್ತು, ನಿನಗೆ ಹಂಪ್ ಬರುತ್ತೆ ಅಂತ ಹೇಳಬೇಕಿತ್ತು! ನಿನ್ನ ಹೆಂಡ್ತಿ ಬಚ್ಚಲುಮನೆಯಿಂದ ಫೋನ್ ಮಾಡಿ ಕಾರು ಕೆಟ್ಟಿದೆ ಅಂತ ಹೇಳು ಅಂತಾಳೆ, ನೀನು ಚೆನ್ನಾಗಿದೆ ಅಂತ ಹೇಳು ಅಂತೀಯ. ನನ್ನ ಬಾಯಿ ಏನು ನಿಮ್ಮ ಮನೆ ರೇಡಿಯೋನಾ, ಬೇಕಾದ ಸ್ಟೇಷನ್ ಹಾಕ್ಕೊಳ್ಳೋಕೆ? ಅಷ್ಟು ದಪ್ಪಕ್ಕೆ ಹಳದಿ ಪಟ್ಟೆ ಹೊಡೆದಿದ್ದಾರೆ, ಡಾಕ್ಟ್ರು ಮೂರು ಸಲ ಕೂಗಿದ್ದಾರೆ. ಕಣ್ಣು ಎಲ್ಲಿಟ್ಟಿದ್ದೆ?"

ರಸ್ತೆ ಬದಿಯಲ್ಲಿದ್ದ ಹಣ್ಣಿನ ಅಂಗಡಿಯವಳು ತಕ್ಕಡಿ ಬಿಟ್ಟು ನೋಡತೊಡಗಿದಳು. ಅಣ್ಣ ತಿರುಗಿ ರಸ್ತೆ ನೋಡಿದ, ತಲೆ ಬಗ್ಗಿಸಿ ಕೆಳಗೆ ನೋಡಿದ, ಮತ್ತೆ ತಲೆ ಎತ್ತಿದ.

"ಈಗ ಬಗ್ಗಿ ನೋಡಿದ್ರೆ ಕಾಣ್ತಿದೆ" ಎಂದ ನಿಧಾನಕ್ಕೆ. "ಆಗ ಇರಲೇ ಇಲ್ಲ ಪುಟ್ಟಿ. ಆಣೆಗೂ ಇರಲಿಲ್ಲ."

ಸುಳ್ಳು ಹೇಳುವವರ ಮುಖ ಅವಳಿಗೆ ಚೆನ್ನಾಗಿ ಗೊತ್ತು. ನಿತ್ಯ ನೋಡುವ ಮುಖ ಅದು. ಇದು ಆ ಮುಖವಲ್ಲ. ಬಕೆಟ್ಟು ನೆನಪಾಯಿತು, ಕಾಫಿ ಲೋಟ ನೆನಪಾಯಿತು. ಅಂಗಡಿಯ ಚಿಕ್ಕ ಕಾರಿನ ಮೂಲೆಗಳಲ್ಲಿ ಈಚೆಗೆ ಹೊಸ ಹೊಸ ಗೀರುಗಳನ್ನು ಕಂಡದ್ದು, ಪಾರ್ಕಿಂಗ್ ಕಂಬವನ್ನು ಬೈದು ಸುಮ್ಮನಾದದ್ದು ನೆನಪಾಯಿತು.

"ಅಣ್ಣ, ನೀನು ಕಣ್ಣು ಯಾವಾಗ ತೋರಿಸಿದ್ದು?"

"ನಾನು ಯಾರಿಗೆ ತೋರಿಸಲಿ? ನಾನೇ ಎಲ್ಲರದೂ ನೋಡೋನು. ಬೇಕಾದ್ರೆ ಈಗಲೇ ನನ್ನ ಹಲಗೆಯ ಕೊನೇ ಸಾಲು ಓದ್ತೀನಿ."

ಬಂಪರು ಹಿಡಿದು ನಿಂತಿದ್ದ ಡಾಕ್ಟರು ಈ ಕಡೆ ತಿರುಗಿದರು. ತುಟಿಯನ್ನು ಮೆಲ್ಲಗೆ ಕೆಳಗೆ ಬಿಟ್ಟು, ಊರುಗೋಲು ಬಗಲಲ್ಲಿ ಸಿಕ್ಕಿಸಿ, ಅಣ್ಣನ ಎದುರು ಬಂದು ನಿಂತರು. "ಹಲ್ಲಿಗೆ ಹೋಗೋ ಮುಂಚೆ ನಮಗೂ ಪೂರ್ತಿ ಮೈ ಕಲಿಸ್ತಾರೆ. ಒಂದು ಕಣ್ಣು ಮುಚ್ಚಿ. ನನ್ನ ಮೂಗನ್ನೇ ನೋಡ್ತಿರಿ, ಆ ಕಡೆ ಈ ಕಡೆ ನೋಡಬಾರದು. ಬೆರಳು ಆಡಿಸ್ತೀನಿ, ಕಂಡ ಕೂಡಲೇ ಹೇಳಿ."

ಮೇಲೆ ಆಡಿಸಿದರು. "ಕಂಡಿತು." ಪಕ್ಕದಲ್ಲಿ ಆಡಿಸಿದರು. ಸ್ವಲ್ಪ ತಡವಾಗಿ "ಕಂಡಿತು." ಆಮೇಲೆ ಕೈ ಕೆಳಗಿಳಿಸಿ, ಎದೆಯ ಮಟ್ಟದಲ್ಲಿ ಬೆರಳು ಆಡಿಸತೊಡಗಿದರು. ಅಣ್ಣ ಡಾಕ್ಟರ ಮೂಗನ್ನು ಭಕ್ತಿಯಿಂದ ನೋಡುತ್ತಲೇ ಇದ್ದ. ಬೆರಳು ಆಡುತ್ತಲೇ ಇತ್ತು. ಸರ್ವೇಯರಮ್ಮನಿಗೆ ಕಾಣುತ್ತಿತ್ತು, ಹಣ್ಣಿನ ಅಂಗಡಿಯವಳಿಗೂ ಕಾಣುತ್ತಿತ್ತು.

"ಆಡಿಸಿ ಡಾಕ್ಟ್ರೇ" ಎಂದ ಅಣ್ಣ. "ಯಾಕೆ ನಿಲ್ಲಿಸಿದ್ರಿ?"

ಇನ್ನೊಂದು ಕಣ್ಣೂ ಹಾಗೇ ಆಯಿತು. ಡಾಕ್ಟರು ಕೈ ಇಳಿಸಿ, "ನಾಳೆ ಬೆಳಿಗ್ಗೆ ಕಣ್ಣಿನ ಆಸ್ಪತ್ರೆಗೆ ಹೋಗಿ" ಎಂದರು. "ನಾಡಿದ್ದಲ್ಲ, ನಾಳೆ."

ಅಣ್ಣನ ಮುಖ ಬಿಳಿಚಿತು. ಅವನಿಗೆ ಅರ್ಥವಾಗದ ವಿಷಯವೇನಲ್ಲ. ಅಂಗಡಿಗೆ ಬಂದ ಎಷ್ಟೋ ಜನರನ್ನು ಅವನೇ ಇದೇ ಮಾತು ಹೇಳಿ ಆಸ್ಪತ್ರೆಗೆ ಅಟ್ಟಿದ್ದ. ಹೋಗಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತ. ಸರ್ವೇಯರಮ್ಮನಿಗೆ ಅಳು ಬರಬೇಕಿತ್ತು. ಬಂದದ್ದು ಮತ್ತೆ ಸಿಟ್ಟೇ.

"ಕನ್ನಡಕದ ಅಂಗಡಿ ಇಟ್ಕೊಂಡು! ಊರೆಲ್ಲ ಹಿಡಿದು ಕೂರಿಸಿ ಕಣ್ಣು ನೋಡೋನು, ನಿಂದು ಒಂದು ಸಲ ತೋರಿಸೋಕೆ ಏನಾಗಿತ್ತು ನಿನಗೆ?"

"ಕೊನೇ ಸಾಲು ಓದ್ತಿದ್ನಲ್ಲ" ಎಂದ ಅಣ್ಣ, ತೀರ ಸಣ್ಣ ದನಿಯಲ್ಲಿ. ಅವಳು ಅವನ ಪಕ್ಕದಲ್ಲಿ ಕೂತಳು. ಬೇರೇನೂ ತೋಚದೆ, ಕೈಯಲ್ಲಿದ್ದ ಟಾರ್ಚು ಆರಿಸಿದಳು. ಅಷ್ಟು ಹೊತ್ತೂ ಅದು ಉರಿಯುತ್ತಲೇ ಇತ್ತು.

ಹಣ್ಣಿನ ಅಂಗಡಿಯವಳು ಕೊಟ್ಟ ಹಗ್ಗದಲ್ಲಿ ಬಂಪರನ್ನು ಕಟ್ಟಿ, ಕಾರನ್ನು ಅವಳೇ ಓಡಿಸಿಕೊಂಡು ಹೊರಟಳು. ಅಣ್ಣ ಹಿಂದಿನ ಮೆತ್ತೆಯ ಮೇಲೆ ಮಡಚಿಕೊಂಡು ಕೂತಿದ್ದ. ವರ್ಷಗಟ್ಟಲೆ ಅವಳು ಕೈಯಿಟ್ಟದ್ದೆಲ್ಲ ಸೊಟ್ಟಗಾದ ಕಾರುಗಳ ಮೇಲೆ. ಇದರ ಸ್ಟಿಯರಿಂಗು ಅವಳು ಯೋಚಿಸಿದ ಕಡೆಗೇ ತಿರುಗುತ್ತಿತ್ತು. ಹಗ್ಗ ಕಟ್ಟಿದ ಬಂಪರು ಇರದಿದ್ದರೆ ಇನ್ನೊಂದು ಗೇರು ಹಾಕುತ್ತಿದ್ದಳು. ಆ ದಿನ ಆ ಯೋಚನೆ ಬಂದದ್ದಕ್ಕೆ ತನ್ನ ಮೇಲೆಯೇ ಸಿಡುಕಿಕೊಂಡಳು.

ಆಸ್ಪತ್ರೆಯವರು ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಏರಿ, ಸದ್ದಿಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತ ಬರುವ ಕಾಯಿಲೆ. ನೆಟ್ಟ ನೋಟ ಕೊನೆಯವರೆಗೂ ಸರಿಯಿರುವುದರಿಂದ ಅಕ್ಷರದ ಹಲಗೆಗೆ ಅದು ಸಿಕ್ಕಿಬೀಳಲಿಲ್ಲ. ಹೋದದ್ದು ಬಾರದು, ಉಳಿದದ್ದನ್ನು ಔಷಧಿ ಹಾಕಿ ಕಾಪಾಡಿಕೊಳ್ಳಬಹುದು, ಕಾರು ಮಾತ್ರ ಇನ್ನು ಓಡಿಸಕೂಡದು ಎಂದರು. ಅಂಗಡಿಯ ಕಾರಿನ ಬೀಗದ ಕೈಯನ್ನು ಅತ್ತಿಗೆ ಅಂದೇ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಸರ್ವೇಯರಮ್ಮನ ಮೇಲೆ ಒಂದು ವಾರ ಮುಖ ಊದಿಸಿಕೊಂಡಿದ್ದಳು, ಅಂಥ ಕಾರಿನಲ್ಲಿ ಅವರನ್ನು ಹೇಗೆ ಕೂರಿಸಿದೆ ಎಂದು. ಆಮೇಲೆ ಒಂದು ಸಂಜೆ ತಾನಾಗಿಯೇ ಬಂದು, ಅವಳ ಕೈ ಹಿಡಿದುಕೊಂಡು ಕೂತು ಹೋದಳು. ಅಣ್ಣನ ಕಣ್ಣಿಗೆ ದಿನವೂ ಹನಿ ಹಾಕುವವಳು ಅತ್ತಿಗೆಯೇ. ಅವನು ಪ್ರತಿ ಸಲವೂ "ಉರಿಯುತ್ತೆ" ಎನ್ನುತ್ತಾನೆ, ಅವಳು ಪ್ರತಿ ಸಲವೂ "ಬಾಯಿ ಮುಚ್ಚಿ, ಕಣ್ಣು ಬಿಡಿ" ಎನ್ನುತ್ತಾಳೆ.

ಅಣ್ಣ ಅಂಗಡಿಯಲ್ಲಿ ಒಂದು ಬದಲಾವಣೆ ಮಾಡಿದ. ನಲವತ್ತು ದಾಟಿದ ಯಾರೇ ಬಂದರೂ, ಒಂದು ಕಣ್ಣು ಮುಚ್ಚಿಸಿ, ತನ್ನ ಮೂಗು ನೋಡಲು ಹೇಳಿ, ಬೆರಳು ಆಡಿಸುತ್ತಾನೆ. ಬರೀ ಫ್ರೇಮಿನ ಮೊಳೆ ಬಿಗಿಸಿಕೊಳ್ಳಲು ಬಂದವರನ್ನೂ ಬಿಡುವುದಿಲ್ಲ. ಗಿರಾಕಿಗಳು ಗೊಣಗುತ್ತಾರೆ.

ಬಂಪರನ್ನು ಅಣ್ಣನೇ ಹೊಸದು ಹಾಕಿಸಿಕೊಟ್ಟ. ಅದನ್ನು ಸರಿಯಾಗಿ ಕೂರಿಸಿದ್ದಾರೋ ಇಲ್ಲವೋ ನೋಡುವ ನೆಪದಲ್ಲಿ ಡಾಕ್ಟರ ಮನೆಗೆ ಹೋಗಲು ಶುರು ಮಾಡಿದವನು ಆಮೇಲೆ ನೆಪವಿಲ್ಲದೆಯೂ ಹೋಗತೊಡಗಿದ. ಕ್ಲಚ್ಚು ತುಳಿಯಲಾರದವರೊಬ್ಬರು, ಹಂಪು ಕಾಣದವನೊಬ್ಬ, ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಕೂತು ಗಂಟೆಗಟ್ಟಲೆ ಹರಟುತ್ತಾರೆ. ಕಾರು ಇನ್ನೂ ಮಾರಾಟಕ್ಕಿದೆ, ಹೆಸರಿಗೆ. ಕೊಳ್ಳಲು ಬಂದವರನ್ನೆಲ್ಲ ಈಗ ಇಬ್ಬರೂ ಸೇರಿ ಫೇಲು ಮಾಡಿ ಕಳಿಸುತ್ತಾರೆ. ಒಬ್ಬ ಚಪ್ಪಲಿ ಒರೆಸಲಿಲ್ಲ, ಒಬ್ಬ ಎಂಜಿನ್ ಬಿಸಿಯಾಗುವ ಮೊದಲೇ ಗುರ್ ಎನ್ನಿಸಿದ, ಒಬ್ಬ ಬಿಳಿ ಬಣ್ಣ ಹೊಡೆಸುತ್ತೇನೆ ಎಂದ.

ಆದರೆ ಕಾರು ನಿಂತಲ್ಲೇ ನಿಂತರೆ ಕೆಡುತ್ತದಲ್ಲ. ವಾರಕ್ಕೊಮ್ಮೆ ಹೊರಗೆ ತೆಗೆಯಲೇಬೇಕು. ತೆಗೆಯುವವರು ಯಾರು? ಸರ್ವೇಯರಮ್ಮ ಮೊದಲ ಸಲ ಆಗುವುದಿಲ್ಲ ಎಂದಳು. ಎರಡನೆಯ ಸಲ, ಇದೇ ಕೊನೆ ಎಂದಳು. ಈಗ ಭಾನುವಾರ ಬಂತೆಂದರೆ ಶೆಡ್ಡಿನ ಮುಂದೆ ಇಬ್ಬರು ಮುದುಕರು ಮುಂದಿನ ಸೀಟಿಗಾಗಿ ಜಗಳವಾಡುತ್ತ ನಿಂತಿರುತ್ತಾರೆ.

"ನನ್ನ ಮಂಡಿ ಹಿಂದೆ ಮಡಚಕ್ಕಾಗಲ್ಲ" ಎನ್ನುತ್ತಾರೆ ಡಾಕ್ಟರು.

"ಹಿಂದೆ ಕೂತ್ರೆ ನನಗೆ ಏನು ಕಾಣುತ್ತೆ?" ಎನ್ನುತ್ತಾನೆ ಅಣ್ಣ. "ಇರೋ ಕಣ್ಣಲ್ಲಿ ಸ್ವಲ್ಪ ರಸ್ತೆಯಾದ್ರೂ ನೋಡೋಣ. ಪುಟ್ಟಿ, ನೀನೇ ಹೇಳು."

"ನನ್ನನ್ನ ಏನೂ ಕೇಳಬೇಡಿ" ಎನ್ನುತ್ತಾಳೆ ಅವಳು. "ಹೋಗ್ತಾ ಒಬ್ಬರು, ಬರ್ತಾ ಒಬ್ಬರು. ಬೆಲ್ಟ್ ಹಾಕ್ಕೊಳ್ಳಿ. ಬಾಯಿ ಬಿಟ್ಟವರನ್ನ ದಾರೀಲೇ ಇಳಿಸ್ತೀನಿ."

ಇಬ್ಬರೂ ರಿಂಗ್ ರೋಡು ಸೇರುವವರೆಗೆ ಹೇಗೋ ಸುಮ್ಮನಿರುತ್ತಾರೆ. ಅಲ್ಲಿಂದಾಚೆ "ಇನ್ನೊಂಚೂರು, ಇನ್ನೊಂಚೂರು" ಎಂದು ಒಟ್ಟಿಗೆ ಶುರು ಮಾಡುತ್ತಾರೆ. ಅವಳು ಇಬ್ಬರನ್ನೂ ಬೈಯುತ್ತ, ಹಿಂದೆ ಮುಂದೆ ನೋಡಿ, ಗೇರು ಬದಲಾಯಿಸುತ್ತಾಳೆ.